ಒಣಹುಲ್ಲಿನ ಬಣ್ಣ

ಜನವರಿ 9

ಚಕ್ಕೆಗೆ,

ಹಳೆಯ ಅಭ್ಯಾಸದಂತೆ ‘ಚಿ. ಸೌ.’ ಎಂದು ಬರೆಯಲು ಕೈ ಹೋಯಿತು. ನೀನೂ ನನ್ನ ಮಗನೂ ಕೋರ್ಟಿನಲ್ಲಿ ಸಹಿ ಹಾಕಿ ಬೇರೆಯಾದ ಮೇಲೆ ಹಾಗೆ ಬರೆಯಬಹುದೋ ಬಾರದೋ ತಿಳಿಯದೆ ಪೆನ್ನು ಅಲ್ಲೇ ನಿಂತಿತು. ಕೂದಲ ತುಂಬ ಮರದ ಚಕ್ಕೆ ಸಿಕ್ಕಿಸಿಕೊಂಡು ಊಟಕ್ಕೆ ಬರುತ್ತಿದ್ದವಳಿಗೆ ಚಕ್ಕೆ ಎಂದು ಹೆಸರಿಟ್ಟವನು ನಾನೇ ತಾನೆ? ಅದನ್ನು ಯಾವ ಕೋರ್ಟೂ ರದ್ದು ಮಾಡಿಲ್ಲ.

ಇದರ ಜೊತೆಗೆ ಒಂದು ಉಳಿ ಕಳಿಸಿದ್ದೇನೆ. ಲಾರಿಯ ಪಟ್ಟಿ ಸ್ಪ್ರಿಂಗಿನಿಂದ ಮಾಡಿದ್ದು, ದುಂಡು ಮೂತಿಯದು. ನಾನು ಕೆಲಸ ಮಾಡುತ್ತಿದ್ದ ಸ್ಪ್ರಿಂಗ್ ಕಾರ್ಖಾನೆಯ ಹಿಂದೆ ಮುರಿದ ಪಟ್ಟಿಗಳ ರಾಶಿಯೇ ಬಿದ್ದಿದೆ. ಹೊತ್ತು ತರುವಾಗ ಗೇಟಿನವನು, “ಏನ್ ಯಜಮಾನ್ರೇ, ಮನೇಲಿ ಲಾರಿ ಕಟ್ತಾ ಇದೀರಾ?” ಎಂದ. “ಹೌದಪ್ಪ, ನಿನ್ನನ್ನೇ ಡ್ರೈವರ್ ಮಾಡ್ತೀನಿ” ಎಂದೆ.

ಕೆಲಸದಿಂದ ನಿವೃತ್ತನಾದ ಮೇಲೆ ಕೂತಲ್ಲಿ ಕೂರಲಾಗುತ್ತಿಲ್ಲ. ಬಾಗಿಲಿಗೆ ಹೋಗುತ್ತೇನೆ, ಹಿತ್ತಲಿಗೆ ಬರುತ್ತೇನೆ, ಮತ್ತೆ ಬಾಗಿಲಿಗೆ. “ಕಾಲಿಗೆ ಚಕ್ರ ಕಟ್ಕೊಂಡಿದೀರಾ?” ಎಂದು ನಿನ್ನ ಅತ್ತೆ ರೇಗುತ್ತಾಳೆ. ಅದಕ್ಕೇ ಹಿತ್ತಲಲ್ಲಿ ಹಳೆಯ ಬಕೆಟ್ಟಿನಲ್ಲಿ ಒಂದು ಕುಲುಮೆ ಹೂಡಿದ್ದೇನೆ. ಗಾಳಿ ಊದಲು ನೀನು ಬಿಟ್ಟುಹೋದ ಹೇರ್ ಡ್ರೈಯರ್. ಕೂದಲು ಒಣಗಿಸುವುದಕ್ಕಿಂತ ಈ ಕೆಲಸ ಅದಕ್ಕೆ ಚೆನ್ನಾಗಿ ಒಗ್ಗಿದೆ.

ಮುಖ್ಯವಾದದ್ದು ಹದ. ಕೆಂಪಗೆ ಕಾಸಿ ಎಣ್ಣೆಗೆ ಅದ್ದಿದರೆ ಉಕ್ಕಿಗೆ ಗಾಜಿನ ಗಡಸುತನ ಬರುತ್ತದೆ, ಜೊತೆಗೆ ತಟ್ಟಿದರೆ ಸಿಡಿಯುವ ಗಾಜಿನ ಸಿಟ್ಟೂ ಬರುತ್ತದೆ. ಆ ಸಿಟ್ಟು ಇಳಿಸಬೇಕು. ಉಜ್ಜಿ ಬೆಳ್ಳಗೆ ಮಾಡಿ, ಬಾಲದ ಕಡೆಯಿಂದ ಮೆಲ್ಲಗೆ ಕಾಸಿದರೆ ಬಣ್ಣ ಹರಿಯುತ್ತಾ ಬರುತ್ತದೆ. ಹಿಂದೆ ನೀಲಿ, ಅದರ ಮುಂದೆ ನೇರಳೆ, ಆಮೇಲೆ ಕಂದು, ಎಲ್ಲಕ್ಕಿಂತ ಮುಂದೆ ಒಣಹುಲ್ಲಿನ ಬಣ್ಣ. ಆ ಒಣಹುಲ್ಲು ಉಳಿಯ ಬಾಯಿಗೆ, ಕೊಯ್ಯುವ ಅಂಚಿಗೆ, ಮುಟ್ಟಿದ ಗಳಿಗೆಯಲ್ಲೇ ತಣಿಸಬೇಕು. ಒಂದು ಉಸಿರು ಮೊದಲಾದರೆ ಉಳಿ ಸಿಡಿಯುತ್ತದೆ, ಒಂದು ಉಸಿರು ತಡವಾದರೆ ಬೆಣ್ಣೆಯನ್ನೂ ಕೊಯ್ಯುವುದಿಲ್ಲ.

ಬಳಸಿ ನೋಡಿ ಬರೆ. ನಿನಗೆ ಕಾಗದ ಬರೆಯಲು ನನಗೆ ಬೇರೆ ನೆಪ ಇಲ್ಲ.

ಇಂತಿ,
ಮಾವ

ಜನವರಿ 24

ಮಾವ,

ನಿಮ್ಮ ಕೈಬರಹ ನೋಡಿದ ಕೂಡಲೇ ಪೊಟ್ಟಣ ಬಿಚ್ಚಲೂ ತಾಳ್ಮೆ ಇರಲಿಲ್ಲ. ಹಲ್ಲಿನಲ್ಲಿ ಹಗ್ಗ ಕಚ್ಚಿ ಹರಿದೆ. ಅತ್ತೆ ನೋಡಿದ್ದರೆ ಬೈಯುತ್ತಿದ್ದರು.

ನಾನಿರುವುದು ಒಂದು ಬೇಕರಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ. ಮರ ಕಡೆಯುವ ಲೇತು ಇಟ್ಟ ಮೇಲೆ ನನಗೆ ನಿಲ್ಲಲು ಒಂದು ಚಾಪೆಯಷ್ಟು ಜಾಗ ಉಳಿದಿದೆ. ಗೋಡೆಯ ಆಚೆ ಬೇಕರಿಯ ದೊಡ್ಡ ಒಲೆ ಇರುವುದರಿಂದ ಚಳಿ ಗೊತ್ತಾಗುವುದಿಲ್ಲ, ಹಸಿವು ಮಾತ್ರ ದಿನವಿಡೀ ಗೊತ್ತಾಗುತ್ತದೆ. ಈಗ ಒಂದು ಮಹಡಿ ಮೆಟ್ಟಿಲಿನ ಮರದ ಕಂಬಿಗಳನ್ನು ಕಡೆಯುವ ಕೆಲಸ ಸಿಕ್ಕಿದೆ. ಎಲ್ಲವೂ ಒಂದೇ ಅಚ್ಚಿನಂತಿರಬೇಕು. ಮನೆಯ ಯಜಮಾನಿ ದಿನಾ ಬಂದು ಎರಡೆರಡನ್ನು ಪಕ್ಕಪಕ್ಕ ಹಿಡಿದು ನೋಡಿ ಮೂಗು ಮುರಿಯುತ್ತಾಳೆ. ನನಗೆ ಒಂದು ಕಡೆ ನಿಲ್ಲಲು ಮನಸ್ಸಿಲ್ಲ, ಲೇತಿನ ಮುಂದೆ ನಿಲ್ಲದೆ ಗತಿಯಿಲ್ಲ.

ನಿಮ್ಮ ಉಳಿ ಕೈಯಲ್ಲಿ ಕೂರುವ ಚೆಂದವೇ ಬೇರೆ. ಮೊದಲ ದಿನ ಗಟ್ಟಿಮರದಿಂದಲೂ ರಿಬ್ಬನ್ನಿನಂತೆ ಸಿಪ್ಪೆ ಎಳೆಯಿತು. ಆದರೆ ಮಾರನೆಯ ದಿನ ಬಾಯಿಯ ಒಂದು ಮೂಲೆ ಚಟ್ಟನೆ ಹಾರಿಹೋಯಿತು. ಸಾಣೆ ಹಿಡಿದೆ, ಮತ್ತೆ ಹಾರಿತು. ಉಕ್ಕಿನಲ್ಲೇ ಹಳೆಯ ಬಿರುಕು ಇತ್ತೇನೋ? ನೋಡಿ ಹೇಳಿ.

ಅತ್ತೆ ಹೇಗಿದ್ದಾರೆ? ನಾನು ಕೇಳಿದೆ ಎಂದು ಹೇಳುವುದೂ ಬಿಡುವುದೂ ನಿಮಗೆ ಬಿಟ್ಟದ್ದು.

ನಿಮ್ಮ,
ಚಕ್ಕೆ

ಫೆಬ್ರವರಿ 3

ಚಕ್ಕೆಗೆ,

ಬಿರುಕಂತೆ! ಪಟ್ಟಿಯನ್ನು ಕಲ್ಲಿನ ಮೇಲೆ ಬಡಿದು, ದನಿ ಕೇಳಿ ಆರಿಸಿದವನು ನಾನು. ಉಳಿಯನ್ನು ದೂರಬೇಡ, ನಿನ್ನ ಕೈಯನ್ನು ನೋಡಿಕೋ. ಉಳಿ ಇಡುವ ಆಸರೆಯನ್ನು ಮರದಿಂದ ದೂರ ಸರಿಸಿಕೊಂಡಿರುತ್ತೀಯ, ನೀನು ಮೊದಲಿಂದಲೂ ಅವಸರದವಳು. ಮರ ಉಳಿಯನ್ನು ಕಚ್ಚಿ ಎಳೆದರೆ ಬಾಯಿ ಹಾರದೆ ಇನ್ನೇನಾಗುತ್ತದೆ?

ಇರಲಿ, ಕೋಪ ಇಲ್ಲ. ಇದೋ ಇನ್ನೊಂದು ಉಳಿ, ಚಪ್ಪಟೆ ಮೂತಿಯದು. ಸವೆದುಹೋದ ದೊಡ್ಡ ಅರದಿಂದ ಮಾಡಿದೆ. ಅರದ ಹಲ್ಲನ್ನೆಲ್ಲ ಉಜ್ಜಿ ತೆಗೆಯುವಷ್ಟರಲ್ಲಿ ನನ್ನ ಹಲ್ಲೂ ಸವೆಯಿತು. ಒಣಹುಲ್ಲಿನ ಬಣ್ಣ ಈ ಸಲ ಎಷ್ಟು ಬೇಗ ಬಂತೆಂದರೆ, ಕಾಸಿದೆನೋ ಇಲ್ಲವೋ, ಆಗಲೇ ಬಾಯಿಗೆ ಮುಟ್ಟಿತ್ತು. ಕೈ ಪಳಗುವುದು ಎಂದರೆ ಇದೇ.

ಅತ್ತೆ ಗುಂಡುಕಲ್ಲಿನ ಹಾಗಿದ್ದಾಳೆ. ನಿನ್ನ ಕಾಗದ ಮೇಜಿನ ಮೇಲಿತ್ತು, ನೋಡಿದಳು. ಆಮೇಲೆ ಮೇಜು ಒರೆಸುವಾಗ ಕಾಗದವನ್ನು ಎತ್ತಿ, ಒರೆಸಿ, ಅಲ್ಲೇ ಇಟ್ಟಳು. ಅದಕ್ಕಿಂತ ಹೆಚ್ಚು ಸದ್ಯಕ್ಕೆ ಬಯಸಬೇಡ. ಬಟ್ಟೆ ಒಗೆಯುವುದರಲ್ಲಿ ಮಾತ್ರ ಈಚೆಗೆ ಅವಳಿಗೆ ಗಮನ ಸಾಲದು. ನನ್ನ ಬಿಳಿ ಅಂಗಿಗಳೆಲ್ಲ ಹಳದಿ ಹಿಡಿದಿವೆ. ಹೇಳಿದರೆ, “ಬಿಳೀನೇ ಇವೆ, ನಿಮಗೆ ಜಗಳಕ್ಕೆ ಕಾರಣ ಬೇಕು” ಎನ್ನುತ್ತಾಳೆ. ಹೊಸ ಬಲ್ಬುಗಳೂ ಹಾಗೇ, ಎಲ್ಲ ಮಂಕು ಹಳದಿ. ಈಗಿನ ಕಾಲದ ಮಾಲೇ ಇಷ್ಟು.

ಇಂತಿ,
ಮಾವ

ಫೆಬ್ರವರಿ 20

ಮಾವ,

ಈ ಕಾಗದವನ್ನು ಕಳಿಸುತ್ತೇನೋ ಇಲ್ಲವೋ ಗೊತ್ತಿಲ್ಲ. ಬರೆಯದಿದ್ದರೆ ಶೆಡ್ಡಿನೊಳಗೆ ಗೋಡೆಯಿಂದ ಗೋಡೆಗೆ ಓಡಾಡಿಯೇ ಸಾಯುತ್ತೇನೆ.

ಅರದ ಉಳಿ ಇವತ್ತು ನಡುವೆಯೇ ಮುರಿದು ಹಾರಿತು. ಒಂದು ಚೂರು ತಗಡಿನ ಮಾಡಿನಲ್ಲಿ ತೂತು ಮಾಡಿತು. ಇನ್ನೊಂದು ನನ್ನ ಹುಬ್ಬನ್ನು ಸೀಳಿತು. ಒಂದು ಬೆರಳು ಕೆಳಗಾಗಿದ್ದರೆ ಕಣ್ಣು ಹೋಗುತ್ತಿತ್ತು. ಆಸರೆ ಹತ್ತಿರವೇ ಇತ್ತು, ಮಾವ. ನಿಮ್ಮ ಕಾಗದ ಓದಿದ ಮೇಲೆ ದಿನಾ ಅಳೆದು ಇಡುತ್ತಿದ್ದೆ.

ಸದ್ದು ಕೇಳಿ ಬೇಕರಿಯವನು ಓಡಿಬಂದು ಹಿಟ್ಟಿನ ಕೈಯಲ್ಲೇ ಬಟ್ಟೆ ಕಟ್ಟಿದ. ಮುರಿದ ಉಳಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಬಾಯಿಯಲ್ಲಿ ಬಣ್ಣವೇ ಇಲ್ಲ. ಬೆಳ್ಳಗೆ ಹೊಳೆಯುತ್ತಿದೆ. ಒಣಹುಲ್ಲು ಬರುವ ಎಷ್ಟೋ ಮೊದಲೇ ನೀವು ತಣಿಸಿದ್ದೀರಿ. ನಿಮ್ಮಂಥವರು ಹೀಗೆ ಮಾಡಲು ಹೇಗೆ ಸಾಧ್ಯ ಎಂದು ತಲೆ ಕೆಡಿಸಿಕೊಂಡು ಕೂತಿದ್ದೆ. ಆಗ ಬೇಕರಿಯವನು ಏನೋ ಮಾತಿಗೆ, “ನಮ್ಮಮ್ಮಂಗೆ ಕಣ್ಣಲ್ಲಿ ಪೊರೆ ಬಂದಾಗ ಬೆಂದ ಬ್ರೆಡ್ಡೂ ಬೇಯದ ಬ್ರೆಡ್ಡೂ ಒಂದೇ ಬಣ್ಣ ಕಾಣ್ತಿತ್ತು ಅಕ್ಕಾ, ಹಸೀ ಹಿಟ್ಟೇ ಗಿರಾಕಿಗೆ ಕೊಟ್ಬಿಡೋಳು” ಎಂದ. ನಿಮ್ಮ ಹಳದಿ ಅಂಗಿ ನೆನಪಾಯಿತು. ಹಳದಿ ಬಲ್ಬು ನೆನಪಾಯಿತು.

ನಿಮ್ಮ ಕಣ್ಣಿಗೆ ಪೊರೆ ಬಂದಿದೆ. ಉಕ್ಕು ಬಿಳಿ ಇರುವಾಗಲೇ ನಿಮಗೆ ಒಣಹುಲ್ಲು ಕಾಣುತ್ತಿದೆ.

ಇದನ್ನು ನಿಮಗೆ ಹೇಗೆ ಹೇಳಲಿ? ಹೇಳಿದರೆ ನೀವು ಕುಲುಮೆ ಆರಿಸುತ್ತೀರಿ. ಉಳಿ ಇಲ್ಲದಿದ್ದರೆ ಕಾಗದವೂ ಇಲ್ಲ. ಆ ಮನೆಯಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರು ನೀವೊಬ್ಬರೇ ಉಳಿದಿರುವುದು. ನನಗೆ ಅಪ್ಪ ಇಲ್ಲ ಎಂಬುದು ನಿಮಗೆ ಗೊತ್ತು. ನಿಮ್ಮ ಮಗನಿಂದ ಬಿಡುಗಡೆ ಕೇಳಿದೆ, ನಿಮ್ಮಿಂದ ಕೇಳಲಿಲ್ಲ.

ಈ ಕಾಗದ ನನ್ನ ಪೆಟ್ಟಿಗೆಯಲ್ಲೇ ಇರಲಿ. ನಾಳೆ ಬೇಕರಿಯವನನ್ನು ಒಂದು ಮಾತು ಕೇಳಿ ನೋಡುತ್ತೇನೆ. ಅವನ ಒಲೆಯ ಶಾಖ ಹೆಚ್ಚು ಕಡಿಮೆ ಒಣಹುಲ್ಲಿನ ಹದದ್ದೇ.

ಚಕ್ಕೆ

ಫೆಬ್ರವರಿ 21

ಮಾವ,

ಚಪ್ಪಟೆ ಉಳಿ ತಲುಪಿತು. ಚೆನ್ನಾಗಿದೆ. ನೀವು ಹೇಳಿದ್ದು ಸರಿ, ಆಸರೆ ದೂರ ಇತ್ತು.

ಇನ್ನೂ ಮಾಡಿ ಕಳಿಸಿ. ಕೆಲಸ ಬಹಳ ಇದೆ, ಎಷ್ಟಿದ್ದರೂ ಬೇಕು. ಹಾಗೇ, ಬಿಡುವಾದಾಗ ಒಮ್ಮೆ ಕಣ್ಣು ತೋರಿಸಿಕೊಳ್ಳಿ. ಈ ವಯಸ್ಸಿಗೆ ಎಲ್ಲರೂ ತೋರಿಸಿಕೊಳ್ಳುತ್ತಾರೆ, ಬೇರೇನಿಲ್ಲ.

ನಿಮ್ಮ,
ಚಕ್ಕೆ

ಮಾರ್ಚ್ 18

ಚಕ್ಕೆಗೆ,

ನನ್ನ ಕಣ್ಣಿಗೇನಾಗಿದೆ? ರಸ್ತೆಯ ಆ ತುದಿಯಲ್ಲಿ ಸಾಲ ಕೇಳುವವನು ಬಂದರೆ ಈ ತುದಿಯಲ್ಲೇ ಗುರುತು ಹಿಡಿಯುತ್ತೇನೆ. ನೀನೂ ಅತ್ತೆಯ ರಾಗ ಹಾಡಬೇಡ. ಅವಳು ಮೊನ್ನೆ, “ಸಾರಿಗೆ ಸಕ್ಕರೆ ಹಾಕ್ಕೊಂಡ್ರಿ, ಉಪ್ಪಿನ ಡಬ್ಬಿ ಕಾಣಿಸ್ಲಿಲ್ವಾ?” ಎಂದು ತಲೆ ತಿಂದಳು. ಎರಡೂ ಡಬ್ಬಿ ಒಂದೇ ಥರ ಇಟ್ಟವಳು ಯಾರು?

ಈ ಸಲ ಮೂರು ಉಳಿ ಇವೆ. ಒಂದು ಮರ ಕೊಯ್ಯುವ ದುಂಡು ಗರಗಸದ ತುಂಡು, ಒಂದು ಬೇರಿಂಗಿನ ಬಳೆಯನ್ನು ಕಾಸಿ ನೆಟ್ಟಗೆ ಮಾಡಿದ್ದು, ಒಂದು ಕಲ್ಲು ಕೊರೆಯುವ ಸರಳು. ನಿದ್ದೆಯಲ್ಲೂ ಉಕ್ಕು ಹುಡುಕುತ್ತೇನೆ. ಗುಜರಿಯವನು ನನ್ನನ್ನು ಕಂಡರೆ ಅಂಗಡಿಯ ಬಾಗಿಲು ಅರ್ಧ ಎಳೆಯುತ್ತಾನೆ. ಕೈ ಸುಮ್ಮನಿದ್ದರೆ ಮನಸ್ಸು ಬೇಡದ ಕಡೆಗೆಲ್ಲ ಹೋಗುತ್ತದೆ. ಮಗ ಫೋನು ಮಾಡಿ ತಿಂಗಳುಗಳಾದವು.

ನೀನು ಹೊಗಳುತ್ತೀಯ, ಆದರೆ ಚುಟುಕಾಗಿ ಹೊಗಳುತ್ತೀಯ. ಮೊದಲು ಪುಟ ತುಂಬ ಬರೆಯುತ್ತಿದ್ದೆ. ಏನಾದರೂ ಮುಚ್ಚಿಡುತ್ತಿದ್ದೀಯಾ?

ಇಂತಿ,
ಮಾವ

ಏಪ್ರಿಲ್ 10

ಮಾವ,

ಮುಚ್ಚಿಡಲು ಏನಿದೆ? ಮೆಟ್ಟಿಲಿನ ಕೆಲಸ ಮುಗಿಯಿತು, ಯಜಮಾನಿ ಕೊನೆಗೂ ನಕ್ಕಳು. ಮೂರು ಉಳಿಗಳೂ ಕೆಲಸಕ್ಕೆ ಬಂದವು. ಬೇಕರಿಯವನ ಪರಿಚಯ ಚೆನ್ನಾಗಿ ಆಗಿದೆ. ಬ್ರೆಡ್ಡು ತಿಂದೂ ತಿಂದೂ ದಪ್ಪಗಾಗಿದ್ದೇನೆ.

ಗರಗಸದ ಉಳಿಯ ಹಿಡಿ ಸಡಿಲವಾಗಿದೆ, ಹಿತ್ತಾಳೆ ಬಳೆ ಕಳಚಿ ಬರುತ್ತದೆ. ಇದರೊಂದಿಗೆ ಕಳಿಸಿದ್ದೇನೆ. ನಾನೇ ಹೊಸ ಹಿಡಿ ಕಡೆದುಕೊಳ್ಳಬಹುದಿತ್ತು. ನಿಮ್ಮ ಕೈಯದ್ದೇ ಇರಲಿ ಅನ್ನಿಸಿತು.

ನಿಮ್ಮ,
ಚಕ್ಕೆ

ಮೇ 2

ಚಕ್ಕೆಗೆ,

ಸಿಹಿ ಸುದ್ದಿ! ಅತ್ತೆಗಿಂತ ಮೊದಲು ನಿನಗೇ ಹೇಳುತ್ತಿದ್ದೇನೆ. ಇಲ್ಲಿ ಹೆಣ್ಣುಮಕ್ಕಳಿಗೆ ಮರಗೆಲಸ ಕಲಿಸುವ ಒಂದು ಶಾಲೆ ಹೊಸದಾಗಿ ಶುರುವಾಗಿದೆ. ಸಾಲಾಗಿ ಲೇತುಗಳನ್ನು ಹಾಕಿದ್ದಾರೆ, ಒಳ್ಳೆಯ ಉಳಿಗಳಿಲ್ಲ. ಹೋಗಿ ಮಾತಾಡಿದೆ. ನೀನು ನನ್ನ ಉಳಿಯಲ್ಲಿ ಇಡೀ ಮಹಡಿ ಮೆಟ್ಟಿಲು ಕಡೆದದ್ದನ್ನು ಹೇಳಿದೆ. ನಿನ್ನ ಕಾಗದಗಳನ್ನೇ ಓದಿ ತೋರಿಸಿದೆ. ಮೇಡಂ ಒಪ್ಪಿಬಿಟ್ಟರು! ಎಲ್ಲ ಹುಡುಗಿಯರಿಗೂ ನಾನೇ ಮಾಡಿಕೊಡಬೇಕು, ಜೂನ್ ಮೊದಲ ವಾರ ಶಾಲೆ ಶುರುವಾಗುವ ಹೊತ್ತಿಗೆ.

ಹಿತ್ತಲಲ್ಲಿ ಉಳಿಗಳು ಸಾಲಾಗಿ ನಿಲ್ಲುತ್ತಿವೆ. ಅರ್ಧ ಮುಗಿದವು. ಅದೇ ಗಡಿಬಿಡಿಯಲ್ಲಿ ನಿನ್ನ ಗರಗಸದ ಉಳಿಗೆ ಹಿಡಿ ಹಾಕಿದೆನಾದರೂ ಅಂಚೆಗೆ ಹಾಕಲು ಆಗಿಲ್ಲ. ಕಾಯಿ.

ಬಾಗಿಲಿಗೂ ಹಿತ್ತಲಿಗೂ ಓಡಾಡುವುದು ನಿಂತಿದೆ ಎಂದರೆ ನಂಬುತ್ತೀಯಾ?

ಇಂತಿ,
ಮಾವ

ಮೇ 6

ಮಾವ,

ಈ ಕಾಗದವನ್ನು ಕೂತು ಓದಿ. ಓದಿದ ಮೇಲೆ ನನಗೆ ಇನ್ನೆಂದೂ ಬರೆಯಬಾರದು ಅನ್ನಿಸಿದರೂ ಪೂರ್ತಿ ಓದಿ.

ಆ ಉಳಿಗಳನ್ನು ಶಾಲೆಗೆ ಕೊಡಬೇಡಿ.

ಅರದ ಉಳಿ ಚೆನ್ನಾಗಿದೆ ಎಂದು ಬರೆದದ್ದು ಸುಳ್ಳು. ಅದು ನನ್ನ ಕೈಯಲ್ಲಿ ಮುರಿದು ಹುಬ್ಬು ಸೀಳಿತು. ಕಲೆ ಇನ್ನೂ ಇದೆ. ನಿಮ್ಮ ಉಕ್ಕು ಚೆನ್ನಾಗಿದೆ, ಬಡಿತ ಚೆನ್ನಾಗಿದೆ, ಆಕಾರ ಚೆನ್ನಾಗಿದೆ. ಬಣ್ಣ ಮಾತ್ರ ತಪ್ಪುತ್ತಿದೆ. ಏಕೆಂದರೆ ನಿಮ್ಮ ಕಣ್ಣಿಗೆ ಎಲ್ಲವೂ ಹಳದಿಯಾಗಿ ಕಾಣುತ್ತಿದೆ. ಅಂಗಿಯೂ, ಬಲ್ಬೂ, ಉಕ್ಕೂ. ಅತ್ತೆ ಬಟ್ಟೆಯನ್ನು ಸರಿಯಾಗಿಯೇ ಒಗೆಯುತ್ತಿದ್ದಾರೆ, ಮಾವ.

ನಾನೊಬ್ಬಳೇ ಬಳಸುತ್ತಿದ್ದಾಗ ಸುಮ್ಮನಿದ್ದೆ. ನನಗೆ ಗೊತ್ತಿತ್ತು, ಎಚ್ಚರದಿಂದಿದ್ದೆ. ಆ ಹುಡುಗಿಯರಿಗೆ ಏನು ಗೊತ್ತು? ಉಳಿ ಹಿಡಿಯುವುದೇ ಮೊದಲ ಸಲ. ಮುಖ ಬಗ್ಗಿಸಿಕೊಂಡು ನಿಲ್ಲುತ್ತಾರೆ. ನಾನೂ ಹಾಗೇ ನಿಲ್ಲುತ್ತಿದ್ದೆ, ನೀವು ಹಿಂದಿನಿಂದ ಬಂದು, “ಮೂಗು ಮರಕ್ಕೆ ಕೊಡ್ಬೇಡ, ಉಳಿ ಕೊಡು” ಎಂದು ಕಿವಿ ಹಿಂಡುತ್ತಿದ್ದಿರಿ.

ನನ್ನ ಮಾತು ನಂಬಬೇಡಿ. ಕಾರ್ಖಾನೆಯಲ್ಲಿ ನೀವೇ ಮಾಡುತ್ತಿದ್ದ ಪರೀಕ್ಷೆ ಮಾಡಿ. ಒಂದು ಉಳಿಯನ್ನು ವೈಸಿನ ದವಡೆಯಲ್ಲಿ ಕಚ್ಚಿಸಿ, ಗೋಣಿ ಮುಚ್ಚಿ, ಸುತ್ತಿಗೆಯಿಂದ ಅಡ್ಡ ತಟ್ಟಿ. ಹದ ಸರಿಯಿದ್ದರೆ ತಡೆಯುತ್ತದೆ. ಒಂದೇ ಒಂದು ತಟ್ಟಿ.

ನಿಮ್ಮ ಕಾಗದ ಇಲ್ಲದೆ ಇರುವುದನ್ನು ಕಲಿಯುತ್ತೇನೆ. ಆ ಹುಡುಗಿಯರಲ್ಲಿ ಒಬ್ಬಳ ಕಣ್ಣು ಹೋಯಿತು ಎಂದು ಕೇಳಿ ಬದುಕಲು ಮಾತ್ರ ನನ್ನಿಂದಾಗದು, ನಿಮ್ಮಿಂದಲೂ ಆಗದು.

ಚಕ್ಕೆ

ಮೇ 19

ಮಾವ,

ಕಾಗದ ತಲುಪಿತೇ? ಒಂದು ಸಾಲು ಸಾಕು. ಬೈದರೂ ಸರಿ.

ಚಕ್ಕೆ

ಜೂನ್ 1

ಇವರು ಬರೆಯುವ ಸ್ಥಿತಿಯಲ್ಲಿಲ್ಲ ಎಂದು ನಾನು ಬರೆಯುತ್ತಿದ್ದೇನೆ. ಬೇರೆ ಅರ್ಥ ಹಚ್ಚಬೇಡ.

ನಿನ್ನ ಕಾಗದ ಬಂದ ದಿನ ಇವರು ಅದನ್ನು ನಿಂತೇ ಓದಿದರು. ನೇರ ಹಿತ್ತಲಿಗೆ ಹೋದರು. ಸುತ್ತಿಗೆಯ ಸದ್ದು, ಅದರ ಹಿಂದೆಯೇ ಗಾಜು ಒಡೆದ ಸದ್ದು. ನಾನು ಕಿಟಕಿ ಒಡೆದರೇನೋ ಎಂದು ಓಡಿದೆ. ಶಾಲೆಗೆಂದು ಮಾಡಿದ್ದನ್ನು ಒಂದೊಂದಾಗಿ ವೈಸಿಗೆ ಹಾಕಿ ತಟ್ಟುತ್ತಿದ್ದರು. ಒಂದೂ ಉಳಿಯಲಿಲ್ಲ. “ಸಾಕು ಬಿಡಿ” ಎಂದರೆ ಕೇಳಲಿಲ್ಲ. ಕೊನೆಗೆ ನೀನು ಹಿಡಿ ಹಾಕಿಸಲು ಕಳಿಸಿದ ಗರಗಸದ ಉಳಿಯನ್ನೂ ಹಾಕಿ ತಟ್ಟಿದರು. ಅದು ಟಣ್ ಎಂದಿತು, ಮುರಿಯಲಿಲ್ಲ. ಇನ್ನೂ ಜೋರಾಗಿ ತಟ್ಟಿದರು, ಮುರಿಯಲಿಲ್ಲ. ಅದನ್ನು ತೊಡೆಯ ಮೇಲಿಟ್ಟುಕೊಂಡು ಕತ್ತಲಾಗುವವರೆಗೆ ಅಲ್ಲೇ ಕೂತಿದ್ದರು. ಇದೊಂದು ಹೇಗೆ ನಿಂತಿತು ಎಂಬುದೇ ಅವರ ಚಿಂತೆ.

ಮಾರನೆಯ ದಿನ ನಾನೇ ಶಾಲೆಯ ಮೇಡಂಗೆ ಹೇಳಿ ಬಂದೆ. ಆಮೇಲೆ ಇವರನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಎರಡೂ ಕಣ್ಣಿಗೆ ಪೊರೆ. ಒಂದಕ್ಕೆ ಮುಂದಿನ ವಾರ ಆಪರೇಷನ್.

ನನಗೆ ನಿನ್ನ ಮೇಲೆ ಕೋಪ ಇದೆ, ಸುಳ್ಳು ಹೇಳುವುದಿಲ್ಲ. ಮಗನ ಮನೆ ಮುರಿಯಿತೆಂಬ ಕೋಪ. ಅವನದೂ ತಪ್ಪಿದೆ ಎಂದು ನನಗೆ ಗೊತ್ತಿಲ್ಲವೆಂದು ತಿಳಿಯಬೇಡ. ಆದರೆ ಇಷ್ಟು ದಿನ ಜೊತೆಗೇ ಇದ್ದು, ಸಕ್ಕರೆ ಸಾರು ಉಂಡವರನ್ನು ನೋಡಿ ನಕ್ಕು ಸುಮ್ಮನಾದವಳು ನಾನು. ದೂರದಲ್ಲಿದ್ದವಳು ನೀನು ಕಂಡುಹಿಡಿದೆ.

ಹುಬ್ಬಿಗೆ ಹೊಲಿಗೆ ಹಾಕಿಸಿದೆಯಾ ಇಲ್ಲವಾ?

ಅತ್ತೆ

ಜುಲೈ 5

ಚಿ. ಚಕ್ಕೆಗೆ,

ಸೌ. ಬೇಡ. ಚಿ. ಇರಲಿ, ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಎಡಗಣ್ಣು ಆಯಿತು, ಬಲಗಣ್ಣು ಬಾಕಿ ಇದೆ. ಒಂದನ್ನು ಮುಚ್ಚಿ, ಒಂದನ್ನು ತೆರೆದು ಮನೆಯಲ್ಲೆಲ್ಲ ತಿರುಗುತ್ತಿದ್ದೇನೆ. ಬಲಗಣ್ಣಿನಲ್ಲಿ ಅಂಗಿ ಹಳದಿ, ಎಡಗಣ್ಣಿನಲ್ಲಿ ಬೆಳ್ಳಗೆ. ಅತ್ತೆಯ ಕ್ಷಮೆ ಕೇಳಿದೆ. ಅವಳ ಕೂದಲು ಪೂರ್ತಿ ಬಿಳಿಯಾಗಿದೆ, ಚಕ್ಕೆ. ನನಗೆ ಯಾರೂ ಹೇಳಿರಲಿಲ್ಲ. ಹಾಗೆಂದರೆ, “ದಿನಾ ಎದುರಿಗೇ ಕೂರ್ತಿದ್ದೆ, ಬೋರ್ಡ್ ಹಾಕ್ಕೊಂಡು ಕೂರ್ಬೇಕಿತ್ತಾ?” ಎಂದಳು.

ನಿನ್ನ ಮೇಲೆ ಕೋಪ ಬಂದಿತ್ತು. ಬರಲಿಲ್ಲ ಎಂದರೆ ನೀನು ನಂಬುವುದಿಲ್ಲ. ಹುಬ್ಬು ಸೀಳಿಸಿಕೊಂಡು ‘ಚೆನ್ನಾಗಿದೆ’ ಎಂದು ಬರೆದೆಯಲ್ಲ, ಕೋಪ ಅದಕ್ಕೆ. ಇನ್ನು ಮುಂದೆ ಉಳಿ ಮುರಿದರೆ ಮುರಿಯಿತು ಎಂದೇ ಬರೆಯಬೇಕು.

ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಮೊದಲು ಕೇಳಿದ್ದು ನಿನ್ನ ಗರಗಸದ ಉಳಿಯನ್ನು. ಕಿಟಕಿಯ ಹತ್ತಿರ ಹಿಡಿದು ನೋಡಿದೆ. ನನ್ನ ಕುಲುಮೆಯ ಉಳಿಯಾದರೆ ಬಾಲದಲ್ಲಿ ನೀಲಿ ಇರಬೇಕು, ನಡುವೆ ನೇರಳೆ, ಕಂದು. ಇದು ಬಾಯಿಯಿಂದ ಬಾಲದವರೆಗೂ ಒಂದೇ ಬಣ್ಣ, ಬ್ರೆಡ್ಡಿನ ಮೇಲ್ಮೈಯ ಹಾಗೆ. ಬೆಂಕಿಯಲ್ಲಿ ಕಾಸಿದ್ದಲ್ಲ, ಬೇಯಿಸಿದ್ದು. ನೀನು ಬ್ರೆಡ್ಡು ತಿಂದು ದಪ್ಪಗಾದ ಕಥೆ ಆಗ ಅರ್ಥವಾಯಿತು. ನಾನು ಕಳಿಸಿದ ಉಳಿಗಳನ್ನೆಲ್ಲ ಉಜ್ಜಿ, ಬೇಕರಿಯ ಒಲೆಗೆ ಹಾಕಿ ಹದ ಮಾಡಿಕೊಂಡು, ಆಮೇಲೆ ನನ್ನನ್ನು ಹೊಗಳಿ ಕಾಗದ ಬರೆಯುತ್ತಿದ್ದೆ! ಆಪರೇಷನ್ ಆದ ಕಣ್ಣಲ್ಲಿ ನೀರು ಬರಬಾರದು ಎಂದು ಡಾಕ್ಟರು ಹೇಳಿದ್ದಾರೆ, ಬಂತು.

ಬೆಂಕಿಯ ಮುಂದೆ ನಾನು ಇನ್ನೂ ಕೆಲವು ವಾರ ನಿಲ್ಲುವಂತಿಲ್ಲ. ಹಟ ಮಾಡಿದ್ದಕ್ಕೆ ಅತ್ತೆ ಒಂದು ಉಕ್ಕಿನ ಚೂರನ್ನು ಇಕ್ಕಳದಲ್ಲಿ ಹಿಡಿದು ಅಡುಗೆಮನೆಯ ಗ್ಯಾಸಿನ ಮೇಲೆ ಕಾಸಿ ತೋರಿಸಿದಳು. ನಾನು ಬಾಗಿಲಲ್ಲೇ ನಿಂತು ನೋಡಿದೆ. ಒಣಹುಲ್ಲು ಬಂತು. ಅದು ಅಷ್ಟು ತಿಳಿಯಾದ ಬಣ್ಣ ಎಂಬುದೇ ಮರೆತುಹೋಗಿತ್ತು. ಇಷ್ಟು ದಿನ ನಾನು ಉಕ್ಕಿನ ಮೇಲೆ ನೋಡಿದ್ದು ನನ್ನ ಕಣ್ಣಿನ ಬಣ್ಣವನ್ನೇ.

ಶಾಲೆಯ ಮೇಡಂ ಕಾಯುತ್ತೇನೆ ಎಂದಿದ್ದಾರೆ. ಮುರಿದದ್ದನ್ನೆಲ್ಲ ಮತ್ತೆ ಮಾಡಬೇಕು. ಉಕ್ಕು ಇದೆ, ಕುಲುಮೆ ಇದೆ, ನಿನ್ನ ಹೇರ್ ಡ್ರೈಯರ್ ಇನ್ನೂ ಊದುತ್ತಿದೆ. ಬಣ್ಣ ನೋಡುವವರು ಬೇಕು. ನಾನು ದೂರ ಕೂತು ಬೈಯುತ್ತೇನೆ, ನೀನು ನೋಡಿ ತಣಿಸು.

ಅದಕ್ಕೇ ಇನ್ನು ನಿನಗೆ ಅಂಚೆಯಲ್ಲಿ ಉಳಿ ಕಳಿಸುವುದಿಲ್ಲ. ನಿನ್ನ ಗರಗಸದ ಉಳಿಯನ್ನೂ ಕಳಿಸುವುದಿಲ್ಲ. ಬೇಕಿದ್ದರೆ ಬಂದು ತೆಗೆದುಕೊಂಡು ಹೋಗು.

ಇಂತಿ,
ಮಾವ

ಕೆಳಗೆ ಜಾಗ ಇದೆ ಎಂದು ಇವರು ಪೆನ್ನು ನನ್ನ ಕೈಗೆ ಕೊಟ್ಟಿದ್ದಾರೆ. ಬರುವ ದಿನವನ್ನು ಮೊದಲೇ ತಿಳಿಸು, ನಿನ್ನ ಕೋಣೆಯಲ್ಲಿ ಇವರ ಕಬ್ಬಿಣ ತುಂಬಿದೆ, ತೆಗೆಸಬೇಕು. ಬರುವಾಗ ಆ ಬೇಕರಿಯ ಬ್ರೆಡ್ಡು ತಾ. ಅದೇ ಒಲೆಯದ್ದು. — ಅತ್ತೆ